ಕಿವಿ ಮೂರು, ಬಾಯಿ ಎಂಟು

ಕೂತಲ್ಲಿ ಕೂರುವ ಜಾಯಮಾನ ನನ್ನದಲ್ಲ. ಈ ಒಂದು ಸಾಲು ಬರೆಯುವಷ್ಟರಲ್ಲಿ ಎರಡು ಸಲ ಎದ್ದು ಹೋಗಿ ಫ್ಯಾನಿನ ರೆಗ್ಯುಲೇಟರ್ ತಿರುಗಿಸಿ ಬಂದಿದ್ದೇನೆ. ಪೆನ್ನು ಬರೆಯುವುದನ್ನು ಬಿಟ್ಟು ಮೇಜಿನ ಮೇಲೆ ತಾಳ ಹಾಕುತ್ತದೆ. ನನ್ನ ಹೆಂಡತಿ ಗೌರಮ್ಮ ಅಡುಗೆಮನೆಯಿಂದಲೇ, "ಆ ಮೇಜು ನಿಮಗೇನ್ ಮಾಡೇತ್ರಿ? ಮುಂಜಾನಿಂದ ಬಡಿಯಾಕತ್ತೀರಲ್ಲ" ಎಂದು ಗದರುತ್ತಾಳೆ. ಮೂವತ್ತು ವರ್ಷ ಬಡಿದ ಕೈ, ಅದಕ್ಕೆ ನಿವೃತ್ತಿಯ ಸುದ್ದಿ ಇನ್ನೂ ಮುಟ್ಟಿಲ್ಲ.

ಹೊಸಪೇಟೆಯ ಒಂದು ಆರ್ಕೆಸ್ಟ್ರಾದಲ್ಲಿ ನಾನು ಮೊದಲು ಢೋಲಕ್, ಆಮೇಲೆ ಎಲೆಕ್ಟ್ರಾನಿಕ್ ಡ್ರಮ್ ಪ್ಯಾಡ್ ನುಡಿಸುತ್ತಿದ್ದೆ. ಎಡಗಿವಿ ಮಂದವಾದ ಮೇಲೆ ಬಿಟ್ಟೆ. ಈಗ ಆ ಕೆಲಸಕ್ಕೆ ಹೊಸದಾಗಿ ಇಳಿದವರು ಫೋನ್ ಮಾಡುತ್ತಾರೆ. ನಮಸ್ಕಾರ ಇಲ್ಲ, ಊಟ ಆಯಿತಾ ಎಂಬ ಮಾತಿಲ್ಲ, "ಅಂಕಲ್, ಸೆಟ್ಟಿಂಗ್ ಕಳಸ್ರಿ" ಅಷ್ಟೇ. ಕಳಿಸುವುದಿಲ್ಲ. ಯಾಕೆ ಕಳಿಸುವುದಿಲ್ಲ ಎಂದು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಪ್ಯಾಡ್ ನೋಡದವರಿಗೆ ಎರಡು ಮಾತು. ಅದೊಂದು ಚಪ್ಪಟೆ ಪೆಟ್ಟಿಗೆ, ಮೇಲೆ ಎಂಟು ರಬ್ಬರ್ ಚೌಕ. ಕೋಲಿನಿಂದ ಹೊಡೆದರೆ ಒಂದು ಚೌಕ ತಬಲಾ, ಇನ್ನೊಂದು ಡೊಳ್ಳು, ಮತ್ತೊಂದು ಗೆಜ್ಜೆ. ಒಳಗೆ ನಂಬರುಗಳು ಬಹಳ ಇದ್ದರೂ ಮುಖ್ಯವಾದವು ಎರಡೇ. ಒಂದು ಸೆನ್ಸಿಟಿವಿಟಿ, ನಿಮ್ಮ ಏಟನ್ನು ಯಂತ್ರ ಎಷ್ಟು ಕೇಳಿಸಿಕೊಳ್ಳುತ್ತದೆ ಎನ್ನುವುದು. ಇನ್ನೊಂದು ವಾಲ್ಯೂಮ್, ಕೇಳಿಸಿಕೊಂಡದ್ದನ್ನು ಎಷ್ಟು ಜೋರಾಗಿ ಹೇಳುತ್ತದೆ ಎನ್ನುವುದು. ನಮ್ಮ ತಂಡದಲ್ಲಿ ಇಂಗ್ಲಿಷ್ ಬಾಯಿಗೆ ಹೊರಳುತ್ತಿರಲಿಲ್ಲ. ಮೊದಲನೆಯದನ್ನು ಕಿವಿ ಎಂದೂ ಎರಡನೆಯದನ್ನು ಬಾಯಿ ಎಂದೂ ಕರೆದೆವು. "ಕಿವಿ ಎಂಟು, ಬಾಯಿ ಎಂಟು" ಅಂದರೆ ನಮ್ಮ ಮಾಮೂಲಿ ಸೆಟ್ಟಿಂಗ್. ನಂಬರ್ ಹತ್ತರವರೆಗೆ ಹೋಗುತ್ತಿತ್ತು.

ನಮ್ಮ ಮೊದಲ ಪ್ಯಾಡಿನಲ್ಲಿ ಎರಡೇ ಸಾಲು ಅಕ್ಷರ ಕಾಣುವ ಪುಟ್ಟ ಪರದೆ ಇತ್ತು. ಬಿಸಿಲಿನಲ್ಲಿ ಅದೂ ಕಾಣುತ್ತಿರಲಿಲ್ಲ, ಟವೆಲ್ ಮುಸುಕು ಹಾಕಿಕೊಂಡು ಬಗ್ಗಿ ನೋಡಬೇಕಿತ್ತು. ಒಂದು ಗುಂಡಿ ತಪ್ಪಿ ಒತ್ತಿದರೆ ಮದುವೆ ಮಂಟಪದಲ್ಲಿ ನಾಯಿ ಬೊಗಳಿದ ಸದ್ದು ಬರುತ್ತಿತ್ತು. ಅದಕ್ಕೇ ಒಂದು ಪದ್ಧತಿ ಬೆಳೆಯಿತು. ಬಲ್ಲವನೊಬ್ಬ ಸೆಟ್ಟಿಂಗ್ ಮಾಡಿ ಚೀಟಿ ಬರೆದು ಪ್ಯಾಡಿನ ಹೊಟ್ಟೆಗೆ ಅಂಟಿಸುತ್ತಿದ್ದ. ಮಿಕ್ಕವರು ಬಾರಿಸಬೇಕು, ಗುಂಡಿ ಮುಟ್ಟಬಾರದು. ನಮ್ಮಲ್ಲಿ ಚೀಟಿ ಬರೆಯುವವನು ನಾನು. ಆ ಹೆಮ್ಮೆಯಲ್ಲಿ ನನ್ನ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ.

ಬಲ್ಲವನು ಎಂದೆನಲ್ಲ, ಎಷ್ಟು ಬಲ್ಲೆ ಎನ್ನುವುದಕ್ಕೆ ಯಶವಂತನಗರದ ಮದುವೆ ನೋಡಿ. ಮಧ್ಯಾಹ್ನದ ಮುಹೂರ್ತ, ರಸ್ತೆಗೆ ಆತುಕೊಂಡೇ ಪೆಂಡಾಲು. ಬೆರಳು ತಾಗಿಸಿದರೂ ನುಡಿಯಬೇಕೆಂಬ ಜಂಬಕ್ಕೆ ನಾನು ಕಿವಿಯನ್ನು ಹತ್ತಕ್ಕೆ ಏರಿಸಿದ್ದೆ. ತಾಳಿ ಕಟ್ಟುವಾಗ ಡೊಳ್ಳು ಬಾರಿಸುವುದು, ಆಗ ಜನ ಅಕ್ಕಿಕಾಳು ಹಾಕುವುದು ಎಂದು ಮಾತಾಗಿತ್ತು. ಎಲ್ಲರೂ ಅಕ್ಕಿಕಾಳು ಹಿಡಿದು ಸುಮ್ಮನೆ ನಿಂತಿದ್ದಾರೆ. ನಾನೂ ಕೋಲು ಎತ್ತಿ ನಿಂತಿದ್ದೇನೆ. ಅಷ್ಟರಲ್ಲಿ ಅದಿರು ತುಂಬಿದ ಲಾರಿಯೊಂದು ಹಾದುಹೋಯಿತು, ಸ್ಟೇಜಿನ ಹಲಗೆ ಅದುರಿತು, ನಾನು ಮುಟ್ಟದೆಯೇ ಪ್ಯಾಡು ಢಂ ಎಂದಿತು. ಇಡೀ ಪೆಂಡಾಲು ಅಕ್ಕಿಕಾಳು ಎರಚಿತು. ತಾಳಿ ಇನ್ನೂ ತಟ್ಟೆಯಲ್ಲೇ ಇತ್ತು.

ಹಿರಿಯರು ಬೈದು ಮತ್ತೆ ಅಕ್ಕಿಕಾಳು ಹಂಚಿದರು. ಎರಡನೇ ಲಾರಿ ಬಂತು. ಮತ್ತೆ ಢಂ, ಮತ್ತೆ ಅಕ್ಕಿಕಾಳು. ಮೂರನೆಯ ಸಲ ಹಂಚುವುದಕ್ಕೆ ಅಡುಗೆಯವರ ಹತ್ತಿರ ಅನ್ನದ ಅಕ್ಕಿ ಕೇಳಿ ತರಬೇಕಾಯಿತು. ಮದುಮಗನ ಸೋದರಮಾವ ನನ್ನ ಹತ್ತಿರ ಬಂದು, "ಏನ್ರಿ, ಲಗ್ನ ನೀವ್ ಮಾಡ್ಸಾಕತ್ತೀರೋ ಲಾರಿಯೋರು ಮಾಡ್ಸಾಕತ್ತಾರೋ?" ಎಂದ. ನಾನು ಪ್ಯಾಡಿನ ವೈರನ್ನೇ ಕಿತ್ತು ಹಾಕಿ ಖಾಲಿ ಕೈಯಲ್ಲಿ ನಿಂತೆ. ಕಿವಿ ಅತಿಯಾದರೆ ಯಂತ್ರಕ್ಕೆ ಊರಿನದೆಲ್ಲ ಕೇಳುತ್ತದೆ ಎಂದು ಆ ದಿನ ತಿಳಿಯಿತು.

ಕಿವಿ ಕಡಿಮೆಯಾದರೆ ಏನಾಗುತ್ತದೆ ಎನ್ನುವುದು ತಿಳಿದದ್ದು ಹಂಪಿಯಲ್ಲಿ. ಅಲ್ಲೊಂದು ಬೆಳಗಿನ ಕಾರ್ಯಕ್ರಮ, ನನಗೆ ಮೈಯಲ್ಲಿ ಸಣ್ಣ ಜ್ವರ. ಹಾಡು ಶುರುವಾಗುವ ಮೊದಲೇ ಅಧಿಕಾರಿಯೊಬ್ಬರು ಬಂದು, ಸುತ್ತಲೂ ಹಳೆಯ ಕಲ್ಲಿನ ಕಟ್ಟಡಗಳಿವೆ, ಸದ್ದು ಇಳಿಸಿ ಎಂದು ಕಟ್ಟುನಿಟ್ಟಾಗಿ ಹೇಳಿಹೋದರು. ನಾನು ಗಡಿಬಿಡಿಯಲ್ಲಿ ಬಾಯಿ ಇಳಿಸುವ ಬದಲು ಕಿವಿ ಇಳಿಸಿಬಿಟ್ಟೆ. ಮೆಲ್ಲನೆಯ ಏಟುಗಳೆಲ್ಲ ಮಾಯವಾದವು, ಜೋರು ಏಟು ಮಾತ್ರ ಸಣ್ಣಗೆ ಕೇಳುತ್ತಿತ್ತು. ನನಗೆ ಸೆಟ್ಟಿಂಗಿನ ನೆನಪೇ ಆಗಲಿಲ್ಲ. ಜ್ವರಕ್ಕೆ ಕೈ ಸೋತಿದೆ ಎಂದುಕೊಂಡು ಇನ್ನಷ್ಟು ಬಲವಾಗಿ ಬಡಿದೆ. ಅಧಿಕಾರಿ ಮತ್ತೆ ಓಡಿ ಬಂದರು.

ಆಮೇಲೆ ನಂಬರ್ ನೋಡಿದಾಗ ನನ್ನ ತಪ್ಪು ತಿಳಿಯಿತು, ಹೇಳಿದೆ, ತಂಡದವರೆಲ್ಲ ನಕ್ಕರು. ನಗದವರು ಒಬ್ಬರೇ, ನಮ್ಮ ಮಾಸ್ತರು. ಆರ್ಕೆಸ್ಟ್ರಾದ ಯಜಮಾನರು ಅವರು, ಕೀಬೋರ್ಡ್ ನುಡಿಸುತ್ತಿದ್ದರು. "ಅಲ್ಲಲೇ ಕೊಟ್ರ್ಯಾ, ಸೆಟ್ಟಿಂಗ್ ಮಾಡಿದಾವ ನೀನಾ. ಆದ್ರೂ ನಿನಗ ಯಂತ್ರದ ಮ್ಯಾಲ ಅನುಮಾನ ಬರ್ಲಿಲ್ಲ, ನಿನ್ನ ಕೈ ಮ್ಯಾಲ ಬಂತಲ್ಲ" ಎಂದು ಬಹಳ ಹೊತ್ತು ಯೋಚಿಸಿದರು. ಆ ಯೋಚನೆ ಎಲ್ಲಿಗೆ ಹೋಗುತ್ತದೆಂದು ನನಗೆ ಆಗ ಹೊಳೆಯಲಿಲ್ಲ.

ಮಾಸ್ತರ ಬಗ್ಗೆ ನ್ಯಾಯವಾಗಿ ಹೇಳಬೇಕು. ಒಂದು ಸಲ ಕೇಳಿದ ಹಾಡನ್ನು ಹಾಗೆಯೇ ನುಡಿಸುತ್ತಿದ್ದರು. ತಂಡದಲ್ಲಿ ಯಾರಿಗಾದರೂ ಮೈ ಹುಷಾರಿಲ್ಲದಿದ್ದರೆ ಮನೆಯಿಂದ ಬುತ್ತಿ ಕಟ್ಟಿಸಿಕೊಂಡು ತಾವೇ ಹೋಗುತ್ತಿದ್ದರು. ಆದರೆ ಚಪ್ಪಾಳೆ ಬೇರೆಯವರಿಗೆ ಬಿದ್ದರೆ ಅವರಿಗೆ ಅನ್ನ ಇಳಿಯುತ್ತಿರಲಿಲ್ಲ. ನಾನೂ ಆ ವಿಷಯದಲ್ಲಿ ಅವರಿಗೆ ತಕ್ಕ ಶಿಷ್ಯ.

ಅಂಥ ತಂಡಕ್ಕೆ ಪಂಪಾವತಿ ಬಂದಳು. ಕಂಪ್ಲಿ ಹತ್ತಿರದ ಮೆಟ್ರಿಯವಳು, ಅವಳ ತಾಯಿ ಭತ್ತದ ನಾಟಿಗೆ ಹೋಗುತ್ತಿದ್ದರು. ಶಾಲೆಯ ಬ್ಯಾಂಡಿನಲ್ಲಿ ಡ್ರಮ್ ಕಲಿತಿದ್ದಳು. ನಾನು ಮುಖ್ಯ ಪ್ಯಾಡು, ಅವಳು ಪಕ್ಕದ ಪ್ಯಾಡು. ನನ್ನನ್ನು ಮೊದಲ ದಿನದಿಂದಲೇ ಗುರುಗಳೇ ಎಂದಳು. ಹಾಗೆ ಕರೆಯಲು ನಾನು ಅವಳಿಗೆ ಏನನ್ನೂ ಕಲಿಸಿರಲಿಲ್ಲ.

ಅವಳದು ಮೆಲ್ಲೇಟು. ಕೋಲನ್ನು ಹಿಡಿದಿದ್ದಾಳೋ ಇಲ್ಲವೋ ಎನ್ನುವಷ್ಟು ಸಡಿಲ. ಆದರೆ ಒಂದೊಂದು ಏಟೂ ಬಿಡಿಬಿಡಿಯಾಗಿ ಕೇಳುತ್ತಿತ್ತು, ತಗಡಿನ ಮೇಲೆ ಜೋಳ ಸುರಿದ ಹಾಗೆ. ಸಂಡೂರಿನ ಒಂದು ಶಾಲೆಯ ವಾರ್ಷಿಕೋತ್ಸವದಲ್ಲಿ ಎರಡು ಹಾಡಿನ ನಡುವೆ ಮೈಕು ಕೆಟ್ಟು ಎಲ್ಲರೂ ನಿಂತಾಗ ಅವಳೊಬ್ಬಳೇ ಸುಮ್ಮನೆ ಕೈ ಆಡಿಸತೊಡಗಿದಳು. ಗಲಾಟೆ ಮಾಡುತ್ತಿದ್ದ ಮಕ್ಕಳು ಬಾಯಿ ಮುಚ್ಚಿದರು. ಹಿಂದೆ ಕೂತಿದ್ದ ತಾಯಂದಿರು ಎದ್ದು ನಿಂತು ನೋಡಿದರು. ಚಪ್ಪಾಳೆ ನಿಲ್ಲಲೇ ಇಲ್ಲ. ಮೈಕು ಸರಿಯಾದ ಮೇಲೂ "ಆ ಅಕ್ಕಾರು ಬಾರಸ್ಲಿ" ಎಂದು ಕೂಗಿದರು. ಅಷ್ಟು ವರ್ಷದಲ್ಲಿ ನನ್ನನ್ನಾಗಲಿ ಮಾಸ್ತರನ್ನಾಗಲಿ ಬೇಕೆಂದು ಯಾರೂ ಹಾಗೆ ಕೂಗಿರಲಿಲ್ಲ.

ಮರುದಿನ ಬೆಳಿಗ್ಗೆ ಮಾಸ್ತರು ಕರೆಸಿದರು. "ಕೊಟ್ರ್ಯಾ, ಆಕಿ ಪ್ಯಾಡಿನ ಕಿವಿ ಮೂರಕ್ಕ ಇಡು."

"ಸದ್ದು ಜಾಸ್ತಿ ಆತಂದ್ರ ಬಾಯಿ ಇಳಸ್ತೀನಿ ಬಿಡ್ರಿ ಮಾಸ್ತರ."

"ಬಾಯಿ ಇಳಸಿದ್ರ ಆಕಿಗೆ ಗೊತ್ತಾಗ್ತತಿ, ಜಗಳಕ್ಕ ಬರ್ತಾಳ. ಕಿವಿ ಮುಚ್ಚು. ಹಂಪ್ಯಾಗ ನಿನಗ ಏನಾತು ಮರೆತ್ಯಾ? ಕೈ ಸೋತೈತಿ ಅಂದ್ಕಂಡಿ. ಆಕೀನೂ ಹಂಗಾ ಅಂದ್ಕಂತಾಳ."

ಇದನ್ನು ಓದುತ್ತಿರುವ ನೀವು, ಆಗ ಬೇಡ ಅನ್ನಬಹುದಿತ್ತಲ್ಲ ಎಂದು ಕೇಳಬಹುದು. ಅನ್ನಬಹುದಿತ್ತು. ಮಾಸ್ತರು ನನ್ನನ್ನು ಹೊಡೆಯುತ್ತಿರಲಿಲ್ಲ, ಓಡಿಸುತ್ತಲೂ ಇರಲಿಲ್ಲ, ಚೀಟಿ ಬರೆಯಲು ಬೇರೆ ಗತಿ ಇರಲಿಲ್ಲ ಅವರಿಗೆ. ನಾನು ಬೇಡ ಅನ್ನಲಿಲ್ಲ, ಯಾಕೆಂದರೆ ನನಗೂ ಅದು ಬೇಕಾಗಿತ್ತು. ಹೊಟ್ಟೆಕಿಚ್ಚು ಎನ್ನುವ ಪದ ಬರೆಯಲು ಕೈ ಹಿಂಜರಿಯುತ್ತದೆ. ಬರೆದಿದ್ದೇನೆ. ಎದ್ದು ನೀರು ಕುಡಿದು ಬರುತ್ತೇನೆ.

ಅವಳ ಪ್ಯಾಡಿನ ಹೊಟ್ಟೆಗಿದ್ದ ಚೀಟಿ ಕಿತ್ತೆ. ಎಂಟು ಇದ್ದದ್ದು ಮೂರಾಯಿತು. ನಾಲ್ಕು ಸಲ ಗುಂಡಿ ಒತ್ತಿದೆ, ಐದನೆಯ ಸಲಕ್ಕೆ ಕೈ ಸ್ವಲ್ಪ ತಡೆಯಿತು, ಒತ್ತಿದೆ. ಆ ವಾರ ಕುರೆಕುಪ್ಪದ ಕಾರ್ಯಕ್ರಮದಲ್ಲಿ ಅವಳ ಮೆಲ್ಲೇಟು ಯಾರಿಗೂ ಕೇಳಲಿಲ್ಲ. ಹಾಡು ಮುಗಿದ ಮೇಲೆ ತನ್ನ ಅಂಗೈ ತಿರುಗಿಸಿ ತಿರುಗಿಸಿ ನೋಡಿಕೊಂಡಳು. "ಗುರುಗಳೇ, ಇವತ್ತು ನನ್ನ ಕೈ ಯಾಕೋ ಏಳವಲ್ದು" ಎಂದಳು. ನಾನು, "ಮೊನ್ನೆ ಸಂಡೂರಾಗ ಭಾಳ ಬಾರಿಸಿದ್ದಿ, ದಣಿವು. ಇನ್ನೂ ಸ್ವಲ್ಪ ಒತ್ತಿ ಹೊಡಿ" ಎಂದೆ. ಅವಳು ತಲೆಯಾಡಿಸಿದಳು. ನನ್ನ ಮಾತನ್ನು ನಂಬಿದಳು.

ಒತ್ತಿ ಹೊಡೆದಳು. ತಿಂಗಳು ಕಳೆದಂತೆ ಭುಜದಿಂದ ಎತ್ತಿ ಹೊಡೆಯತೊಡಗಿದಳು. ಜೋಳ ಸುರಿದ ಸದ್ದು ಹೋಗಿ ಬಟ್ಟೆ ಒಗೆದ ಸದ್ದು ಬಂತು. ಮುಂಗೈ ಬಾತುಕೊಂಡು ಪಟ್ಟಿ ಕಟ್ಟಿಕೊಂಡು ಬರುತ್ತಿದ್ದಳು. ಅವಳೇ ಬಾರಿಸಲಿ ಎಂದು ಯಾರೂ ಮತ್ತೆ ಕೂಗಲಿಲ್ಲ. ಮಾಸ್ತರು ಎರಡು ಹೊತ್ತು ನೆಮ್ಮದಿಯಾಗಿ ಉಂಡರು. ಎಂದಾದರೂ ಒಂದು ದಿನ ಸುಮ್ಮನೆ ಎಂಟಕ್ಕೆ ಏರಿಸಿಬಿಡೋಣ ಎಂದು ಪ್ರತಿ ಕಾರ್ಯಕ್ರಮಕ್ಕೂ ಅಂದುಕೊಳ್ಳುತ್ತಿದ್ದೆ. ಏರಿಸಿದರೆ ಅವಳಿಗೆ ತಿಳಿದುಹೋಗುತ್ತದಲ್ಲ ಎನ್ನುವ ಭಯಕ್ಕೆ ಬಿಡುತ್ತಿದ್ದೆ.

ಮೂರನೆಯ ವರ್ಷ ಅವಳಿಗೆ ಕಂಪ್ಲಿಯಲ್ಲಿ ಮದುವೆ ಗೊತ್ತಾಯಿತು. ತಂಡ ಬಿಡುವ ದಿನ ಒಂದು ಬಿಳಿ ಹಾಳೆ ಹಿಡಿದು ನನ್ನ ಮುಂದೆ ಕೂತಳು. "ಅಲ್ಲಿ ನಾನೊಂದು ಪ್ಯಾಡ್ ತಗಂತೀನ್ರಿ. ನನ್ನ ಸೆಟ್ಟಿಂಗ್ ಬರ್ದು ಕೊಡ್ರಿ, ನಿಮ್ಮ ಕೈಯಾಗಾ ಇರ್ಲಿ."

ಎಂಟು ಎಂದು ಬರೆಯಬೇಕಿತ್ತು. ಬರೆದರೆ ಹೊಸ ಪ್ಯಾಡು ಮೆಲ್ಲೇಟಿಗೂ ನುಡಿಯುತ್ತದೆ, ಮೂರು ವರ್ಷ ಇದ್ದ ಪ್ಯಾಡಿಗೂ ಇದಕ್ಕೂ ವ್ಯತ್ಯಾಸ ಯಾಕೆ ಎಂದು ಅವಳು ಕೇಳಿಯಾಳು. ಕೊನೆಗೆ ದುಂಡಗೆ, ಚಂದದ ಅಕ್ಷರದಲ್ಲಿ ಬರೆದೆ: ಕಿವಿ ಮೂರು, ಬಾಯಿ ಎಂಟು. ಕೆಳಗೆ ಸಹಿ ಬೇರೆ ಹಾಕಿದೆ. ಅವಳು ಹಾಳೆಯನ್ನು ಕಣ್ಣಿಗೊತ್ತಿಕೊಂಡು ಹೋದಳು.

ಆಮೇಲೆ ಕಾಲ ಬದಲಾಯಿತು. ಹೊಸ ಪ್ಯಾಡುಗಳಿಗೆ ಬಣ್ಣದ ಪರದೆ ಬಂತು. ಯಾವ ಗುಂಡಿ ಎಲ್ಲಿದೆ ಎಂದು ಫೋನಿನ ವಿಡಿಯೋ ತೋರಿಸತೊಡಗಿತು. ಚೀಟಿ ಬರೆಯುವವನಿಗೆ ಬೆಲೆ ಇಳಿಯಿತು. ಮಾಸ್ತರು ತೀರಿಕೊಂಡರು. ಅವರ ಮಣ್ಣಿಗೆ ಪಂಪಾವತಿಯೂ ಬಂದಿದ್ದಳು, ಬಿಕ್ಕಿ ಬಿಕ್ಕಿ ಅತ್ತಳು. ನಾನು ಅವಳ ಹತ್ತಿರ ಹೋಗದೆ ದೂರದ ಬೇವಿನ ಮರದ ಕೆಳಗೆ ನಿಂತಿದ್ದೆ.

ನಿವೃತ್ತಿಯ ನಂತರ ಮನೆಯಲ್ಲೇ ಕೆಟ್ಟ ಪ್ಯಾಡುಗಳ ಸಣ್ಣಪುಟ್ಟ ರಿಪೇರಿ ಮಾಡುತ್ತೇನೆ, ಕೈಗೊಂದು ಕೆಲಸ ಬೇಕಲ್ಲ. ಹೋದ ಮಳೆಗಾಲದಲ್ಲಿ ಕಂಪ್ಲಿಯಿಂದ ಒಬ್ಬರು ಬಂದರು, ಅಕ್ಕಿ ಗಿರಣಿಯಲ್ಲಿ ಮೂಟೆ ಹೊರುವವರು. ಚೀಲದಿಂದ ಪ್ಯಾಡ್ ತೆಗೆದರು. ನಡುವಿನ ಎರಡು ಚೌಕಗಳ ರಬ್ಬರು ಸೀಳಿತ್ತು.

"ನನ್ನ ಮಗಳದ್ರಿ. ಈ ವರ್ಷದಾಗ ಎರಡನೇ ಸಲ ಹರ್ದೈತಿ" ಎಂದರು.

"ಇದನ್ನೇನು ಒನಕಿಲೆ ಕುಟ್ಟತಾಳೇನ್ರಿ ನಿಮ್ಮ ಮಗಳು?" ಎಂದು ನಾನು ಚೇಷ್ಟೆ ಮಾಡಿದೆ.

"ಅವರ ಕ್ಲಾಸಿನ ಮೇಡಂ ಹಂಗಾ ಹೇಳ್ಯಾರ್ರಿ. ಹೆಣ್ಮಕ್ಕಳ ಕೈಗೆ ತೂಕಿರಂಗಿಲ್ಲ, ಗಂಡಸರಿಗಿಂತ ಎರಡು ಪಾಲು ಹೊಡಿಬೇಕಂತ. ಹುಡುಗಿ ಕೈ ಬಾತು ಕುಂತೈತ್ರಿ. ಬಿಡು ಅಂದ್ರ ಬಿಡವಲ್ದು."

ಪ್ಯಾಡನ್ನು ಮಗುಚಿದೆ. ಹೊಟ್ಟೆಗೆ ಒಂದು ಜೆರಾಕ್ಸ್ ಚೀಟಿ ಅಂಟಿಸಿತ್ತು. ದುಂಡಗಿನ ಅಕ್ಷರ, ಕೆಳಗೆ ನನ್ನ ಸಹಿ.

ಅದಾದ ಮೇಲೆ ಮೂರು ದಿನ ನಾನು ಮನೆಯಲ್ಲಿ ಹೇಗಿದ್ದೆ ಎನ್ನುವುದನ್ನು ಗೌರಮ್ಮನನ್ನು ಕೇಳಬೇಕು. ಟೆರೇಸಿಗೆ ಹತ್ತಿದೆ, ಇಳಿದೆ. ಕಾಲುವೆ ದಂಡೆಯ ಮೇಲೆ ನಡೆದೆ, ಅರ್ಧಕ್ಕೇ ತಿರುಗಿ ಬಂದೆ. ರೊಟ್ಟಿ ಮುರಿದು ತಿನ್ನದೆ ತಟ್ಟೆಯ ಅಂಚಿಗೆ ಬೆರಳು ಬಡಿಯುತ್ತ ಕೂತೆ. ಕೊನೆಗೆ ಅವಳಿಗೆ ಎಲ್ಲ ಹೇಳಿದೆ. ಅವಳು ಬೈಯಲಿಲ್ಲ. "ನನಗ್ಯಾಕ ಹೇಳ್ತೀರಿ? ಕೈ ಬಾತಿರದು ನಂದೇನು?" ಎಂದು ತಟ್ಟೆ ಎತ್ತಿಕೊಂಡು ಹೋದಳು.

ಬೆಳಗಿನ ಬಸ್ಸು ಹಿಡಿದೆ. ಕಮಲಾಪುರ ದಾಟಿ ಬಾಳೆತೋಟ, ಭತ್ತದ ಗದ್ದೆ, ಏನೂ ಕಣ್ಣಿಗೆ ಬೀಳಲಿಲ್ಲ. ಮುಂದಿನ ಸೀಟಿನ ಕಂಬಿಗೆ ಬೆರಳು ಬಡಿಯುತ್ತಲೇ ಇದ್ದೆ. ಆ ಸೀಟಿನಲ್ಲಿದ್ದವರು ಎರಡು ಸಲ ತಿರುಗಿ ನೋಡಿದರು.

ಕಂಪ್ಲಿಯಲ್ಲಿ ಪಂಪಾವತಿಯ ಮನೆ ಹುಡುಕುವುದು ಕಷ್ಟವಾಗಲಿಲ್ಲ, ಓಣಿಯ ತುದಿಗೇ ಸದ್ದು ಕೇಳುತ್ತಿತ್ತು. ನನ್ನ ಒಂದೇ ಕಿವಿಗೂ ಕೇಳುತ್ತಿತ್ತು. ದಪ್, ದಪ್, ದಪ್. ಅದು ಸ್ಪೀಕರಿನ ಸದ್ದಲ್ಲ, ಕೋಲು ರಬ್ಬರಿಗೆ ಬಡಿಯುವ ಸದ್ದು. ಪಡಸಾಲೆಯಲ್ಲಿ ಆರು ಹುಡುಗಿಯರು ಭುಜದಿಂದ ಕೋಲೆತ್ತಿ ಹೊಡೆಯುತ್ತಿದ್ದರು. ಇಬ್ಬರ ಮುಂಗೈಗೆ ಪಟ್ಟಿ ಇತ್ತು. ಅವರ ನಡುವೆ ಪಂಪಾವತಿ, ಕಿವಿಯ ಪಕ್ಕ ಕೂದಲು ನರೆತಿತ್ತು. ಅವಳ ಬಲ ಮುಂಗೈಗೂ ಪಟ್ಟಿ.

"ಅಯ್ಯ, ಗುರುಗಳು! ಬರ್ರಿ, ಬರ್ರಿ, ಕುಂದ್ರಿ. ಲೇ ಹುಡುಗ್ಯಾರಾ, ನಾ ಹೇಳ್ತಿದ್ನಲ್ಲ, ಇವರಾ. ಕಾಲಿಗೆ ಬೀಳ್ರೇ."

ಆರೂ ಹುಡುಗಿಯರು ಬಗ್ಗಿದರು. ನಾನು ಕಾಲು ಹಿಂದಕ್ಕೆ ಎಳೆದುಕೊಂಡೆ. ಎದುರು ಗೋಡೆಯಲ್ಲಿ ದೇವರ ಫೋಟೋದ ಪಕ್ಕ ನನ್ನ ಚೀಟಿ ತೂಗುತ್ತಿತ್ತು, ಪ್ಲಾಸ್ಟಿಕ್ ಹೊದಿಕೆ ಹಾಕಿಸಿದ್ದಳು. ಕುಂಕುಮದ ಬೊಟ್ಟೂ ಇತ್ತು.

ಅವಳೇ ಮಾತು ತೆಗೆದಳು. "ಈಗಿನ ಹುಡುಗ್ಯಾರು ನೋಡ್ರಿ, ಫೋನಿನಾಗ ನೋಡಿ ಮೂರು ಕಡಿಮಿ ಆತು ಮೇಡಂ, ಎಂಟು ಇಡಬೇಕು ಅಂತಾವ. ನಮ್ಮ ಗುರುಗಳು ಬರ್ದಿದ್ದ ಸುಳ್ಳೇನು ಅಂತ ಬೈದೀನಿ. ಡಾಕ್ಟರು ನನಗ ಇನ್ನ ಬಾರಿಸದು ಸಾಕು ಅಂದಾರ್ರಿ. ಈ ವರ್ಷ ಮುಗಿಸಿ ಕ್ಲಾಸ್ ಬಂದ್ ಮಾಡ್ತೀನಿ. ಹೆಣ್ಣಿನ ಕೈ, ಎಷ್ಟಂತ ತಡಿತತಿ."

"ಪಂಪಾವತಿ, ಅದು ಸುಳ್ಳು."

"ಯಾವ್ದ್ರಿ?"

"ಚೀಟಿ. ನಾನಾ ಬರ್ದದ್ದು ಸುಳ್ಳು. ನಿನ್ನ ಕೈಗೆ ಎಂದೂ ಏನೂ ಆಗಿದ್ದಿಲ್ಲ. ಸಂಡೂರಿನ ಕಾರ್ಯಕ್ರಮ ಆದ ಮರುದಿನ ನಿನ್ನ ಪ್ಯಾಡಿನ ಕಿವಿ ಮುಚ್ಚಿದೆ. ಮಾಸ್ತರು ಹೇಳಿದ್ರು. ಆದ್ರ ಗುಂಡಿ ಒತ್ತಿದ್ದು ನಾನು. ನಿನಗ ಚಪ್ಪಾಳಿ ಬಿದ್ದದ್ದು ನನಗೂ ಆಗಿದ್ದಿಲ್ಲ."

ಹುಡುಗಿಯರ ಕೋಲುಗಳು ನಿಂತವು. ಅವಳು ಅಳುತ್ತಾಳೆ, ಇಲ್ಲವೇ ಹೊರಗೆ ಹೋಗಿ ಎನ್ನುತ್ತಾಳೆ ಎಂದು ನಾನು ತಯಾರಾಗಿದ್ದೆ. ಅವಳು ಕೇಳಿದ್ದು ಒಂದೇ. "ಮಿಕ್ಕವರದ್ದು ಎಷ್ಟಿತ್ರಿ?"

"ಎಂಟು."

"ಇಡ್ರಿ ನೋಡೋಣ."

ಅವಳ ಪ್ಯಾಡಿನ ಮುಂದೆ ಕೂತೆ. ಬೆರಳು ಎರಡು ಸಲ ತಪ್ಪು ಗುಂಡಿಗೆ ಹೋಯಿತು. ಒಂದು, ಎರಡು, ಮೂರು, ನಾಲ್ಕು, ಐದು. ಪಕ್ಕಕ್ಕೆ ಸರಿದೆ. ಅವಳು ಎಂದಿನಂತೆ ಭುಜದಿಂದ ಎತ್ತಿ ಒಂದು ಏಟು ಹಾಕಿದಳು. ಸ್ಪೀಕರು ಸಿಡಿದಂತಾಯಿತು, ಗೂಡಿನಲ್ಲಿದ್ದ ಸ್ಟೀಲ್ ಲೋಟ ಉರುಳಿತು, ಹುಡುಗಿಯರು ಕಿವಿ ಮುಚ್ಚಿಕೊಂಡರು. ಅವಳು ಕೋಲನ್ನು ಕೆಳಗಿಟ್ಟಳು. ತನ್ನ ಅಂಗೈ ತಿರುಗಿಸಿ ತಿರುಗಿಸಿ ನೋಡಿಕೊಂಡಳು, ಕುರೆಕುಪ್ಪದಲ್ಲಿ ನೋಡಿಕೊಂಡ ಹಾಗೆಯೇ.

"ಇದು ನನ್ನ ಕೈಯಾ?" ಎಂದಳು.

ಅವಳು ಎದ್ದು ಗೋಡೆಯಿಂದ ಚೀಟಿ ತೆಗೆದಳು. ಪ್ಲಾಸ್ಟಿಕ್ಕನ್ನು ಹಲ್ಲಿನಿಂದ ಕಚ್ಚಿ ಹರಿದು, ಹಾಳೆಯನ್ನು ನನ್ನ ತೊಡೆಯ ಮೇಲಿಟ್ಟು ಪೆನ್ನು ಕೊಟ್ಟಳು. "ಆ ಮೂರನ್ನ ಹೊಡದು ಹಾಕ್ರಿ. ಹುಡುಗ್ಯಾರ ಮುಂದನಾ ಹಾಕ್ರಿ."

ಹೊಡೆದು ಹಾಕಿದೆ. ಪಕ್ಕದಲ್ಲಿ ಎಂಟು ಎಂದು ಬರೆಯಲು ಪೆನ್ನು ಊರಿದೆ. ಅವಳು ಹಾಳೆಯನ್ನು ಎಳೆದುಕೊಂಡಳು.

"ಬರೀಬ್ಯಾಡ್ರಿ. ಎಷ್ಟು ಬೇಕಂತ ಇನ್ನ ನಾವಾ ನೋಡ್ಕಂತೀವಿ." ಆಮೇಲೆ ನನ್ನ ಮುಖ ನೋಡದೆ ಹೇಳಿದಳು, "ಚಾ ಕುಡದು ಹೋಗ್ರಿ. ಗುರುಗಳೇ ಅನ್ನಾಕ ಇವತ್ತು ನನಗ ಬಾಯಿ ಬರವಲ್ದು."

ಚಹಾ ಬಂತು. ಕುಡಿದೆ, ಬಾಯಿ ಸುಟ್ಟಿತು. ಚಪ್ಪಲಿ ಮೆಟ್ಟಿಕೊಂಡು ಓಣಿಗೆ ಇಳಿದೆ. ನನಗೆ ಕ್ಷಮೆ ಸಿಕ್ಕಿತೆಂದು ಹೇಳುತ್ತಿಲ್ಲ, ಸಿಕ್ಕಿಲ್ಲ. ಸೆಟ್ಟಿಂಗ್ ಕಳಿಸಿ ಎಂದು ಫೋನ್ ಮಾಡುವ ನಿಮಗೆ ಹೇಳುವುದು ಇಷ್ಟೇ. ಯಾರು ಬರೆದುಕೊಟ್ಟರೂ ನಂಬರನ್ನು ನಂಬಬೇಡಿ, ನನ್ನನ್ನಂತೂ ನಂಬಲೇಬೇಡಿ. ಏಟು ಕೇಳದಿದ್ದರೆ ಕೈಯನ್ನು ಬೈಯುವ ಮೊದಲು ಗುಂಡಿ ಒತ್ತಿ ನೋಡಿ.

ಓಣಿಯ ತಿರುವಿನಲ್ಲಿ ನಿಂತು ಒಳ್ಳೆಯ ಕಿವಿಯನ್ನು ಆ ಮನೆಯ ಕಡೆ ತಿರುಗಿಸಿದೆ. ಮೊದಲು ಏನೂ ಕೇಳಲಿಲ್ಲ. ಆಮೇಲೆ ತಗಡಿನ ಮೇಲೆ ನಾಲ್ಕು ಕಾಳು ಬಿದ್ದಂತೆ ಒಂದು ಸದ್ದು, ತಡವರಿಸುತ್ತ, ಮತ್ತೆ ನಾಲ್ಕು. ಅದರ ಹಿಂದೆಯೇ ಪಂಪಾವತಿಯ ದನಿ.

"ಮೆಲ್ಲಕ ಹೊಡಿರೇ, ಮೆಲ್ಲಕ. ಅದಕ್ಕ ಈಗ ಕೇಳ್ತತಿ."